ವಿದ್ಯೆ ಕೊಟ್ಟು ವಿದ್ಯೆ ಪಡೆಯುವ ಬಗೆ: ಸಿವಿಲೈಸೇಶನ್ 4ರಲ್ಲಿ ಸಂಶೋಧನೆಗೆ ವೇಗ

ಹುಬ್ಬಳ್ಳಿಯ ವಿದ್ಯಾನಗರದಲ್ಲಿರುವ ಅಕ್ಕನ ಮನೆಯಲ್ಲಿ ಸೋದರಳಿಯ ಮತ್ತು ಅವನ ಗೆಳೆಯರು ರಜೆಯಲ್ಲಿ ಸಿವಿಲೈಸೇಶನ್ 4 ಎಂಬ, ಸರದಿಯಂತೆ ಆಡುತ್ತ ನಾಗರಿಕತೆಯೊಂದನ್ನು ಬೆಳೆಸುವ ಕಂಪ್ಯೂಟರ್ ಆಟವನ್ನು ಆಡುವುದನ್ನು ಪಕ್ಕದಲ್ಲಿ ಕುಳಿತು ಹಲವು ಬಾರಿ ನೋಡಿದ್ದೇನೆ. 2005ರಲ್ಲಿ ಬಂದ ಆಟವಾದರೂ, ವ್ಯಾಪಾರದ ಬಲದಿಂದ ಸಂಶೋಧನೆಯನ್ನು ಮುನ್ನಡೆಸುವ ಕ್ರಮವನ್ನು ಕಲಿಯಲು ಇದಕ್ಕಿಂತ ಒಳ್ಳೆಯ ಆಟ ನನಗೆ ಸಿಕ್ಕಿಲ್ಲ. ಆದರೆ ಈ ಹುಡುಗರೆಲ್ಲ ಎಡವುವುದು ಒಂದೇ ಕಡೆ. ಹತ್ತಾರು ಸರದಿ ಕಾದು ಕಲಿತ ವಿದ್ಯೆಯನ್ನು (ಆಟದಲ್ಲಿ ಸಂಶೋಧಿಸುವ ತಂತ್ರಜ್ಞಾನವನ್ನು) ಒಬ್ಬ ಎದುರಾಳಿಗೆ ಕೊಟ್ಟು, ಬದಲಿಗೆ ಒಂದನ್ನು ಪಡೆದು, ತೃಪ್ತಿಯಿಂದ ಸರದಿ ಮುಗಿಸಿಬಿಡುತ್ತಾರೆ.

ಮೊದಲ ಹಂತಗಳು ಸುಲಭ. ಊರುಗಳನ್ನು ರಸ್ತೆಯಿಂದ ಜೋಡಿಸಿರಿ. ರೈಟಿಂಗ್ ಎಂಬ ವಿದ್ಯೆ ಕಲಿತು ನೆರೆಯವರೊಡನೆ ಗಡಿ ತೆರೆಯುವ ಒಪ್ಪಂದ ಮಾಡಿಕೊಳ್ಳಿರಿ, ಏಕೆಂದರೆ ಪರದೇಶದ ವ್ಯಾಪಾರ ಮಾರ್ಗ ಸ್ವಂತ ಊರುಗಳ ನಡುವಿನದಕ್ಕಿಂತ ಹೆಚ್ಚು ತರುತ್ತದೆ. ದೊಡ್ಡ ಊರುಗಳಲ್ಲಿ ಗ್ರಂಥಾಲಯ ಕಟ್ಟಿರಿ, ಅದು ಆ ಊರಿನ ಸಂಶೋಧನೆಯನ್ನು ಶೇ 25ರಷ್ಟು ಹೆಚ್ಚಿಸುತ್ತದೆ. ಆಟ ಆರಂಭಿಸುವಾಗಲೇ 'ನೋ ಟೆಕ್ನಾಲಜಿ ಬ್ರೋಕರಿಂಗ್' ಎಂಬ ಆಯ್ಕೆಗೆ ಗುರುತು ಬಿದ್ದಿಲ್ಲವೆಂದು ನೋಡಿಕೊಳ್ಳಿರಿ. ಬಿದ್ದಿದ್ದರೆ ಸ್ವತಃ ಸಂಶೋಧಿಸಿದ್ದನ್ನು ಮಾತ್ರ ಕೊಡಲು ಸಾಧ್ಯ. ಮುಂದೆ ಹೇಳುವ ಕ್ರಮ ನಡೆಯುವುದಿಲ್ಲ.

ವಿದ್ಯೆಯ ವಿನಿಮಯಕ್ಕೆ ಬಾಗಿಲು ತೆರೆಯುವುದು ಆಲ್ಫಾಬೆಟ್. ಇಬ್ಬರಲ್ಲಿ ಒಬ್ಬರಿಗೆ ಅದು ಗೊತ್ತಿದ್ದರೆ ಸಾಕು. ಆದ್ದರಿಂದಲೇ ಅದನ್ನು ಬೇಗ ಯಾರಿಗೂ ಕೊಡಬೇಡಿರಿ. ಕೊಟ್ಟರೆ ನೀವಿಲ್ಲದೆಯೇ ಅವರು ತಮ್ಮ ತಮ್ಮಲ್ಲಿ ಕೊಡುಕೊಳ್ಳುವಿಕೆ ಶುರುಮಾಡುತ್ತಾರೆ. ವಿನಿಮಯಕ್ಕೆಂದು ಬೇರೊಂದು ಸರಕು ಬೇಕು. ನನ್ನ ಆಯ್ಕೆ ಏಸ್ಥೆಟಿಕ್ಸ್, ಏಕೆಂದರೆ ಕಂಪ್ಯೂಟರ್ ನಡೆಸುವ ಎದುರಾಳಿಗಳು ಅದರ ಕಡೆಗೆ ಬೇಗ ಗಮನ ಕೊಡುವುದಿಲ್ಲ.

ಈಗ ಕಷ್ಟದ ಹಂತ. ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿಯ ಆವಕ ಹೆಚ್ಚಾದಂತೆ ದರ ಇಳಿಯುವ ಹಾಗೆ, ಇಲ್ಲಿಯೂ ಒಂದು ವಿದ್ಯೆ ಹೆಚ್ಚು ಜನರ ಕೈಸೇರಿದಂತೆ ಅದರ ಬೆಲೆ ಇಳಿಯುತ್ತದೆ. ನೀವು ಸರದಿ ಮುಗಿಸಿದ ಕೂಡಲೇ ಎದುರಾಳಿಗಳು ನೀವು ಕೊಟ್ಟದ್ದನ್ನೇ ಪರಸ್ಪರ ಮಾರಿಕೊಳ್ಳಬಹುದು. ಆದ್ದರಿಂದ ಇಡೀ ಸುತ್ತು ಒಂದೇ ಸರದಿಯಲ್ಲಿ ಮುಗಿಯಬೇಕು. ಎಫ್4 ಒತ್ತಿ ವಿದೇಶಾಂಗ ಸಲಹೆಗಾರನ ಪುಟ ತೆರೆದು, ಯಾರ ಬಳಿ ಏನಿದೆ, ಯಾರು ಯಾರನ್ನು ದ್ವೇಷಿಸುತ್ತಾರೆ ಎಂಬುದನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿರಿ. ಎಲ್ಲರಿಗಿಂತ ಹೆಚ್ಚು ಬೆಲೆಯ ವಿದ್ಯೆಯನ್ನು ಕೊಡಲು ಒಪ್ಪುವವನ ಬಳಿ ಮೊದಲು ಹೋಗಿರಿ. ಅವನಿಂದ ಏಸ್ಥೆಟಿಕ್ಸ್‌ಗೆ ಪ್ರತಿಯಾಗಿ ಮ್ಯಾಥಮ್ಯಾಟಿಕ್ಸ್ ಪಡೆದಿರಿ ಎನ್ನೋಣ. ಆ ಎರಡನ್ನೂ ಕೂಡಿಸಿ ಎರಡನೆಯವನಿಂದ ಮಾನರ್ಕಿ ಪಡೆಯಿರಿ. ಮೂರನೆಯವನಿಗೆ ಮ್ಯಾಥಮ್ಯಾಟಿಕ್ಸ್ ಮಾತ್ರ ಕೊಟ್ಟು ಐರನ್ ವರ್ಕಿಂಗ್ ತೆಗೆದುಕೊಳ್ಳಿರಿ. ನೀವು ಸಂಶೋಧಿಸಿದ್ದು ಒಂದು, ಕೈಸೇರಿದ್ದು ಮೂರು. ಕಳೆದ ದೀಪಾವಳಿಯಲ್ಲಿ ಅಳಿಯ ಮೊದಲನೆಯವನಲ್ಲಿಯೇ ನಿಂತುಬಿಟ್ಟ. ಮರುಸರದಿ ನೋಡಿದಾಗ ನಾಲ್ವರ ಹೆಸರಿನ ಎದುರೂ ಏಸ್ಥೆಟಿಕ್ಸ್ ಇತ್ತು.

ವಿನಿಮಯದ ಪಟ್ಟಿಯಲ್ಲಿ ವಿದ್ಯೆಯೊಂದರ ಹೆಸರು ಕೆಂಪು ಅಕ್ಷರದಲ್ಲಿ ಕಂಡರೆ, ಎದುರಾಳಿ ಅದನ್ನು ಕೊಡಲು ಒಪ್ಪುತ್ತಿಲ್ಲ ಎಂದರ್ಥ; ನಿರಾಶರಾಗದೆ, ಅದರ ಮೇಲೆ ಮೌಸ್ ಇಟ್ಟು ಕಾರಣ ಓದಿರಿ. ಈ ವಿದ್ಯೆಯನ್ನು ಸದ್ಯಕ್ಕೆ ಹೊರಗೆ ಬಿಡುವ ಮನಸ್ಸಿಲ್ಲ ಎಂದಿದ್ದರೆ, ಅದು ಇನ್ನೂ ಕೆಲವರಿಗೆ ತಿಳಿಯುವವರೆಗೆ ಕಾಯಬೇಕು. ನೀವು ತೀರಾ ಮುಂದುವರಿಯುತ್ತಿದ್ದೀರೆಂಬ ಭಯ ಎಂದಿದ್ದರೆ, ನೀವು ಈಗಾಗಲೇ ವಿನಿಮಯದಲ್ಲಿ ಬಹಳಷ್ಟು ಪಡೆದಿದ್ದೀರಿ ಎಂದರ್ಥ. ಪಡೆದ ವಿದ್ಯೆಗಳ ಈ ಎಣಿಕೆಗೆ ಸಣ್ಣದು ದೊಡ್ಡದು ಎಂಬ ಭೇದವಿಲ್ಲ. ಆದ್ದರಿಂದ ನಾಲ್ಕೇ ಸರದಿಯಲ್ಲಿ ನೀವೇ ಕಲಿಯಬಹುದಾದ ಅಗ್ಗದ ವಿದ್ಯೆಯನ್ನು ಪುಕ್ಕಟೆ ಕೊಟ್ಟರೂ ತೆಗೆದುಕೊಳ್ಳಬೇಡಿರಿ. ಒಬ್ಬನ ಕಡುವೈರಿಯೊಡನೆ ವ್ಯಾಪಾರ ಮಾಡಿದರೆ ಅವನು ಅದನ್ನು ಬಹುಕಾಲ ಮರೆಯುವುದಿಲ್ಲ. ಬಲಾಢ್ಯ ನೆರೆಯವನಿದ್ದರೆ ಅವನ ವೈರಿಯನ್ನು ಬಿಟ್ಟುಬಿಡುವುದೇ ಲೇಸು.

ಒಳದಾರಿಗಳ ಬಗ್ಗೆಯೂ ಹೇಳಬೇಕು. ಆಟದ ಲೋಕವನ್ನೇ ತಿದ್ದಲು ಬಿಡುವ ವರ್ಲ್ಡ್ ಬಿಲ್ಡರ್ ತೆರೆದು ವಿದ್ಯೆಗಳನ್ನು ತಾವೇ ಹಾಕಿಕೊಳ್ಳುವವರಿದ್ದಾರೆ. ಹಾಗೆ ಆಡಿದವರಿಗೆ ಚೌಕಾಶಿ ಎಂದಿಗೂ ಬರುವುದಿಲ್ಲ. ಚಿನ್ನ ಹೆಚ್ಚಿಸುತ್ತದೆಂದು ಹಾಸ್ಟೆಲ್‌ಗಳಲ್ಲಿ ಪೆನ್‌ಡ್ರೈವ್‌ನಿಂದ ಪೆನ್‌ಡ್ರೈವ್‌ಗೆ ಹರಿದಾಡುವ ತಂತ್ರಾಂಶಗಳನ್ನಂತೂ ಮುಟ್ಟಲೇಬೇಡಿರಿ. ಅಂಥದೊಂದು ಹೊತ್ತು ತಂದ ವೈರಸ್‌ನಿಂದ ಅಳಿಯನ ಕಾಲೇಜಿನ ಪ್ರಾಜೆಕ್ಟ್ ಕಡತಗಳೆಲ್ಲ ಹಾಳಾದವು.

ಕರೆನ್ಸಿ ಕಲಿತ ಮೇಲೆ ಪ್ರತಿ ಊರಿಗೂ ಇನ್ನೊಂದು ವ್ಯಾಪಾರ ಮಾರ್ಗ ಸಿಗುತ್ತದೆ, ವಿದ್ಯೆಯನ್ನು ಚಿನ್ನಕ್ಕೂ ಮಾರಬಹುದು. ಬದಲಿಗೆ ಕೊಡಲು ಏನೂ ಇಲ್ಲದ ಹಿಂದುಳಿದವನಿಗೆ ಹಳೆಯ ವಿದ್ಯೆ ಕೊಟ್ಟು, ಅವನ ಬಳಿಯಿರುವ ಚಿನ್ನವನ್ನೆಲ್ಲ ಪಡೆದು, ಖಜಾನೆ ಬರಿದಾಗುವವರೆಗೆ ಆದಾಯದಲ್ಲಿ ಸಂಶೋಧನೆಗೆ ಹೋಗುವ ಪಾಲನ್ನು ಶೇ 100ರಲ್ಲಿ ಇಡಿರಿ. ದುಬಾರಿ ವಿದ್ಯೆಯೊಂದನ್ನು ಕೇಳುವ ಮುನ್ನ ಅದನ್ನು ಅರ್ಧದಷ್ಟಾದರೂ ನೀವೇ ಸಂಶೋಧಿಸಿರಿ, ಏಕೆಂದರೆ ಎದುರಾಳಿ ಬೆಲೆ ಕಟ್ಟುವುದು ಉಳಿದ ಭಾಗಕ್ಕೆ ಮಾತ್ರ. ಖಜಾನೆ ಬರಿದಾದ ದಿನ ಮತ್ತೆ ಎಫ್4 ಒತ್ತಿ, ಹೊಸ ಹಾಳೆಯಲ್ಲಿ ಪಟ್ಟಿ ಬರೆಯಿರಿ.