ಆಂಟಿ-ರೋಲ್ ಬಾರ್‌ನ ಬುಡಕ್ಕೆ ಬಲ ಕೊಟ್ಟ ಬಗೆ

ಚಿಕ್ಕಮಗಳೂರಿನಿಂದ ಮುಳ್ಳಯ್ಯನಗಿರಿಯ ಕಡೆಗೆ ಏರುವ ತಿರುವುಗಳಲ್ಲಿ ನನ್ನ ಹಳೆಯ ಸ್ಪೋರ್ಟ್ಸ್ ಕಾರು ವಿಪರೀತ ವಾಲುತ್ತಿದ್ದುದರಿಂದ, ಹಿಂಭಾಗದ 19 ಮಿ.ಮೀ. ಆಂಟಿ-ರೋಲ್ ಬಾರ್ (ಎಡ-ಬಲ ಚಕ್ರಗಳ ಸಸ್ಪೆನ್ಷನ್ ಜೋಡಿಸಿ ಕಾರು ವಾಲುವುದನ್ನು ತಗ್ಗಿಸುವ ಉಕ್ಕಿನ ಸರಳು) ತೆಗೆಸಿ 22 ಮಿ.ಮೀ. ದಪ್ಪದ್ದನ್ನು ಹಾಕಿಸಿದ್ದೆ. ವಾಲುವುದು ಕಡಿಮೆಯಾಯಿತು, ಆದರೆ ಕೆಲವೇ ತಿಂಗಳಲ್ಲಿ ಹಿಂದಿನಿಂದ ಟಕ್ ಟಕ್ ಎಂಬ ಸದ್ದು ಶುರುವಾಯಿತು. ಬಾರ್ ಕೂರುವ ರಬ್ಬರ್ ಬುಷ್, ಅದರ ತುದಿಯನ್ನು ಸಸ್ಪೆನ್ಷನ್‌ಗೆ ಜೋಡಿಸುವ ಲಿಂಕ್ ಎರಡನ್ನೂ ಬದಲಿಸಿದರೂ ಹೋಗಲಿಲ್ಲ. ಕೊನೆಗೆ ಕಾರನ್ನು ಎತ್ತಿ ನಿಲ್ಲಿಸಿ, ಕೆಸರು ತೊಳೆದು ತಂತಿ ಬ್ರಷ್‌ನಿಂದ ಉಜ್ಜಿದಾಗ, ಬಾರ್ ಹಿಡಿದಿಡುವ ಬ್ರಾಕೆಟ್ ಕೂತ ಕಾರಿನ ತಗಡಿನಲ್ಲಿ, ಬೋಲ್ಟಿನ ಬದಿಯಿಂದ ಹೊರಟ, ಅಂಚಿಗೆ ತುಕ್ಕು ಹಿಡಿದ ಕೂದಲೆಳೆಯಂಥ ಬಿರುಕು ಕಾಣಿಸಿತು.

ಬಾರ್‌ನ ಬಿಗಿತ ಅದರ ವ್ಯಾಸದ ನಾಲ್ಕನೇ ಘಾತಕ್ಕೆ ಅನುಗುಣವಾಗಿ ಏರುವುದರಿಂದ, ಕೇವಲ 3 ಮಿ.ಮೀ. ಹೆಚ್ಚಿದರೂ ಅದು ಸುಮಾರು 1.8 ಪಟ್ಟಾಗುತ್ತದೆ, ಆ ಹೆಚ್ಚುವರಿ ಬಲವನ್ನು ತೆಳು ತಗಡೇ ಹೊರಬೇಕು. ಬುಡವನ್ನು ಗಟ್ಟಿಮಾಡದೆ ದಪ್ಪ ಬಾರ್ ಹಾಕಿಸಬಾರದಿತ್ತು.

ಬ್ಯಾಟರಿಯ ಸಂಪರ್ಕ ತಪ್ಪಿಸಿ, ಬಿರುಕು ಮುಂದುವರಿಯದಂತೆ ಅದರ ತುದಿಯಲ್ಲಿ ಸಣ್ಣ ರಂಧ್ರ ಕೊರೆದು, ಬಣ್ಣ ಕೆರೆದು, ಬಿರುಕನ್ನು ವೆಲ್ಡ್ ಮಾಡಿ ಸಮತಟ್ಟುಗೊಳಿಸಿದ ಮೇಲೆ, ಅದರ ಮೇಲೆ ಅಂಗೈಯಗಲದ 3 ಮಿ.ಮೀ. ಉಕ್ಕಿನ ತಗಡನ್ನು ಬಿಟ್ಟು ಬಿಟ್ಟು ವೆಲ್ಡ್ ಮಾಡಿಸಿದೆ. ಅದರ ಮೂಲೆಗಳನ್ನು ಗುಂಡಗೆ ಉಜ್ಜಿಸಲೇಬೇಕು. ಚೂಪಾಗಿ ಬಿಟ್ಟರೆ ಹೊಸ ಬಿರುಕು ಅಲ್ಲಿಂದಲೇ ಹೊರಡುತ್ತದೆ. ಮಲೆನಾಡಿನ ಮಳೆಗೆ ತುಕ್ಕು ಬೇಗ ಹಿಡಿಯುವುದರಿಂದ ಹೊರಗೆ ಜಿಂಕ್ ಪ್ರೈಮರ್, ಒಳಗಿನ ಪೊಳ್ಳಿಗೆ ಮೇಣ ಹೊಡೆಸಿದೆ. ಲಿಂಕ್‌ನ ನಟ್ಟುಗಳನ್ನು ಕಾರು ಚಕ್ರಗಳ ಮೇಲೆ ನಿಂತ ಬಳಿಕವೇ ಬಿಗಿದೆ. ಒಂದು ಮಳೆಗಾಲ ಕಳೆದ ಮೇಲೆ ಟಾರ್ಚ್ ಹಿಡಿದು ನೋಡಿದೆ. ಬೆಸುಗೆ ಹಾಗೆಯೇ ಇದೆ, ಸದ್ದೂ ಇಲ್ಲ.