ಎಂಜಿನ್ ಇಳಿಸಲಿಲ್ಲ, ಫ್ರೇಮ್ ಎತ್ತಿದೆ: ಹಳೆಯ ಗುಟ್ಸಿಯ ಕ್ಲಚ್ ಕೆಲಸದಲ್ಲಿ ನನ್ನ ಅನುಭವ

ನನ್ನ ಹಳೆಯ ಇಟಾಲಿಯನ್ ಬೈಕ್ ಮೋಟೊ ಗುಟ್ಸಿ 850 ಟಿ3 ಕೆಳಗೆ ಒಂದು ಬಿಳಿ ಬಟ್ಟೆ ಹಾಸಿಟ್ಟಿದ್ದೇನೆ. ಬೆಲ್ ಹೌಸಿಂಗ್, ಅಂದರೆ ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಕ್ಲಚ್ ಕೂರುವ ಗೂಡಿನ ತಳಕ್ಕೆ ಸರಿಯಾಗಿ. ಹತ್ತಿರ ಹತ್ತಿರ 4000 ಕಿಲೋಮೀಟರ್ ಓಡಿಸಿ ಆಯ್ತು, ಬಟ್ಟೆಯ ಮೇಲೆ ಒಂದು ಹನಿ ಆಯಿಲ್ ಬಿದ್ದಿಲ್ಲ. "ಕ್ರ್ಯಾಂಕ್ ಕೇಸೇ (ಎಂಜಿನ್ನಿನ ಹೊರಕವಚ) ಹೋಗಿದೆ, ಮನೆಯಲ್ಲಿ ಒಬ್ಬರೇ ಮಾಡೋ ಕೆಲಸ ಅಲ್ಲ ಇದು" ಅಂತ ಹೇಳಿದವರು ಒಬ್ಬರಲ್ಲ, ನಾಲ್ಕು ಜನ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಶುರುವಾದದ್ದು ಕ್ಲಚ್ ಜಾರುವುದರಿಂದ. ಏರು ರಸ್ತೆಯಲ್ಲಿ ನಾಲ್ಕನೇ ಗೇರಿನಲ್ಲಿ ಥ್ರಾಟಲ್ ತಿರುಗಿಸಿದರೆ ಎಂಜಿನ್ ಕೂಗುತ್ತಿತ್ತು, ಗಾಡಿ ಮಾತ್ರ ಇದ್ದಲ್ಲೇ. ಕೇಬಲ್ ಸರಿ ಇತ್ತು. ಬೆಲ್ ಹೌಸಿಂಗ್ ಕೆಳಗೆ ಬೆರಳು ಸವರಿದರೆ ಆಯಿಲ್. ಒಂದು ಗ್ಯಾರೇಜಿನಲ್ಲಿ ತೋರಿಸಿದೆ. ಅವರು ಹೇಳಿದ ದುಡ್ಡು, ನಾನು ಗಾಡಿಗೆ ಕೊಟ್ಟ ಬೆಲೆಯ ಅರ್ಧಕ್ಕೆ ಹತ್ತಿರ. ಅದರಲ್ಲೂ ಜಾಸ್ತಿ ಪಾಲು ಎಂಜಿನ್ ಇಳಿಸಿ ಏರಿಸುವ ಕೂಲಿಯೇ. ಇಳಿಸುವುದೇ ಬೇಡ ಅಂತಾದರೆ ಆ ಕೂಲಿ ಯಾಕೆ ಕೊಡಬೇಕು?

ಟಿ3ರ ಫ್ರೇಮ್ ಗುಟ್ಸಿಯ ಎಂಜಿನಿಯರ್ ಲೀನೊ ತೊಂತಿ ಮಾಡಿದ ವಿನ್ಯಾಸ. ಅದೇ ಕಂಪನಿಯ 1971ರ ವಿ7 ಸ್ಪೋರ್ಟ್ ಬೈಕಿನಿಂದ ಬಂದದ್ದು. ಕೆಳಗಿನ ಎರಡು ಪೈಪುಗಳು ಮೇಲಿನ ಫ್ರೇಮಿಗೆ ವೆಲ್ಡ್ ಆಗಿಲ್ಲ, ಬೋಲ್ಟಿನಲ್ಲಿ ಕೂತಿವೆ. ಸೆಂಟರ್ ಸ್ಟ್ಯಾಂಡ್ ಇರುವುದೂ ಆ ಕೆಳಗಿನ ಪೈಪುಗಳ ಮೇಲೆಯೇ. ಅಂದರೆ ಎಂಜಿನ್, ಗೇರ್‌ಬಾಕ್ಸ್ ಎರಡೂ ಸ್ಟ್ಯಾಂಡಿನ ಮೇಲೆ ನಿಂತೇ ಇರುತ್ತವೆ, ಫ್ರೇಮನ್ನು ಮೇಲಿನಿಂದ ಎತ್ತಿ ಆಚೆ ಒಯ್ಯಬಹುದು. ಈ ಮನುಷ್ಯನ ತಲೆಗೆ ನಾನು ನಿಜಕ್ಕೂ ಕೈ ಮುಗಿಯುತ್ತೇನೆ.

ಟ್ಯಾಂಕ್, ಸೀಟು, ಬ್ಯಾಟರಿ, ಸೈಲೆನ್ಸರ್ ಎಲ್ಲ ತೆಗೆಯುವುದು ನಿಮಗೆ ಗೊತ್ತಿರುವುದೇ. ಕಾರ್ಬುರೇಟರುಗಳನ್ನು ನಾನು ಕೇಬಲ್ ಸಮೇತ ಫ್ರೇಮಿಗೇ ನೇತುಹಾಕಿದೆ. ಬ್ರೇಕ್ ಲೈನ್ ಒಂದನ್ನೂ ಬಿಚ್ಚಲಿಲ್ಲ. ಹಿಂದಿನ ಕ್ಯಾಲಿಪರನ್ನೂ ಪೆಡಲಿನ ಮಾಸ್ಟರ್ ಸಿಲಿಂಡರನ್ನೂ ಬೋಲ್ಟ್ ತೆಗೆದು ತಂತಿಯಲ್ಲಿ ಕಟ್ಟಿದೆ. ಈ ಗಾಡಿಯಲ್ಲಿ ಕಾಲಿನ ಬ್ರೇಕ್ ಹಿಂದಿನದರ ಜೊತೆ ಮುಂದಿನ ಒಂದು ಡಿಸ್ಕನ್ನೂ ಹಿಡಿಯುತ್ತದೆ ಅಲ್ವಾ, ಆ ಲೈನಿಗೆ ಗಾಳಿ ಸೇರಿದರೆ ಬ್ಲೀಡ್ ಮಾಡುವುದರಲ್ಲೇ ಒಂದು ಸಂಜೆ ಹೋಗುತ್ತದೆ. ಹಿಂದಿನ ಚಕ್ರ, ಅದನ್ನು ತಿರುಗಿಸುವ ಬೆವೆಲ್ ಬಾಕ್ಸ್, ಅದನ್ನು ಹಿಡಿದಿರುವ ಸ್ವಿಂಗ್ ಆರ್ಮ್ ಹೊರಗೆ. ಎಂಜಿನ್ನಿನ ತಳದ ಆಯಿಲ್ ಸಂಪಿನ ಕೆಳಗೆ ಹಲಗೆ, ಹಲಗೆಯ ಕೆಳಗೆ ಜ್ಯಾಕ್. ಹಲಗೆ ಇಲ್ಲದಿದ್ದರೆ ಸಂಪಿನ ಫಿನ್ ಮುರಿಯುತ್ತವೆ.

ಒಬ್ಬನೇ ಎತ್ತುವುದು ಹೇಗೆ? ಮೇಲಿನ ತೊಲೆಗೆ ರಾಟೆ ಕಟ್ಟಿ, ಫ್ರೇಮಿನ ಬಾಲಕ್ಕೆ ಹಗ್ಗ ಹಾಕಿದೆ. ಬಾಲ ಚೆನ್ನಾಗಿ ಮೇಲೆ ಹೋಗಬೇಕು. ಹಿಂದಿನ ಪೈಪುಗಳು ಎಂಜಿನ್ ತಲೆ ದಾಟಿದ ಮೇಲೆ, ಮುಂದಿನ ಚಕ್ರದ ಮೇಲೆ ತಳ್ಳುಗಾಡಿಯ ಹಾಗೆ ಮುಂದೆ ನೂಕುವುದು. ಮೊದಲ ಸಲ ನನಗೆ ಮೂರು ದಿನ ಹಿಡಿಯಿತು. ನಾಲ್ಕನೇ ಸಲ ಬೆಳಗ್ಗೆ ಶುರು ಮಾಡಿ ಮಧ್ಯಾಹ್ನದ ಊಟಕ್ಕೆ ಮೊದಲೇ ಫ್ರೇಮ್ ಗೋಡೆಗೆ ಒರಗಿತ್ತು. ಇದನ್ನು ಇಷ್ಟು ಬೇಗ ಒಬ್ಬರೇ ಮಾಡಿದವರನ್ನು ನಾನಂತೂ ನೋಡಿಲ್ಲ.

ಹೌದು, ನಾಲ್ಕು ಸಲ.

ಮೊದಲ ಸಲ ದುಡ್ಡು ಉಳಿಸಲು ಹೋಗಿ ಕೆಟ್ಟೆ. ಎರಡೂ ಕ್ಲಚ್ ಪ್ಲೇಟುಗಳು ಆಯಿಲ್ ಕುಡಿದಿದ್ದವು, ಆದರೆ ದಪ್ಪ ಇನ್ನೂ ಚೆನ್ನಾಗಿತ್ತು. ಪೆಟ್ರೋಲಿನಲ್ಲಿ ನೆನೆಸಿ, ತೊಳೆದು, ಬಿಸಿಲಿಗಿಟ್ಟು, ಎಮೆರಿ ಪೇಪರ್ ಉಜ್ಜಿ ಹಾಕಿದೆ. 300 ಕಿಲೋಮೀಟರ್ ಹೊತ್ತಿಗೆ ಮತ್ತೆ ಜಾರಿತು. ಒಳಗೆ ಇಳಿದ ಆಯಿಲ್ ಬಿಸಿಯಾದಾಗ ಮತ್ತೆ ಮೇಲೆ ಬರುತ್ತದೆ. ನೆನೆದ ಪ್ಲೇಟನ್ನು ಉಳಿಸಲು ಹೋಗಬೇಡಿ, ಸುಮ್ನೆ ಹೊಸದು ತನ್ನಿ.

ಆ ಸಲ ಇನ್ನೊಂದು ತಪ್ಪೂ ಆಗಿತ್ತು. ಆಯಿಲ್ ಎಲ್ಲಿಂದ ಬರುತ್ತಿದೆ ಅಂತ ಸರಿಯಾಗಿ ನೋಡಿರಲಿಲ್ಲ. ಇಲ್ಲಿ ಸಾಮಾನ್ಯವಾಗಿ ಎರಡು ದಾರಿ ಇವೆ: ಎಂಜಿನ್ನಿನ ಹಿಂದಿನ ಮೇನ್ ಸೀಲ್, ಇಲ್ಲವೇ ಗೇರ್‌ಬಾಕ್ಸಿನ ಇನ್‌ಪುಟ್ ಸೀಲ್. ನಾನು ಮೂಗನ್ನೇ ನಂಬುತ್ತೇನೆ. ಗೇರ್ ಆಯಿಲಿಗೆ ಗಂಧಕದ ಘಾಟು ಇರುತ್ತದೆ, ಎಂಜಿನ್ ಆಯಿಲಿಗೆ ಅದು ಇರುವುದಿಲ್ಲ. ಬೆರಳಲ್ಲಿ ತೆಗೆದು ಮೂಸಿದೆ. ಘಾಟು ಇಲ್ಲ. ಅಂದರೆ ಎಂಜಿನ್ನಿನದೇ.

ಎರಡನೇ ಸಲ ಹೊಸ ಪ್ಲೇಟು, ಹೊಸ ಹಿಂದಿನ ಸೀಲ್. ಜೊತೆಗೆ ಮುಂದಿನ ಸೀಲನ್ನೂ ಬದಲಿಸೋಣ ಅಂತ ಆಲ್ಟರ್ನೇಟರಿಗೆ ಕೈ ಹಾಕಿದೆ. ವಿ7 ಸ್ಪೋರ್ಟ್ ಕಾಲದಿಂದ ಅದು ಕ್ರ್ಯಾಂಕಿನ (ಎಂಜಿನ್ನಿನ ಮುಖ್ಯ ದಂಡ) ಮೂತಿಗೆ ಬಂದು ಕೂತಿದೆ, ಸೀಲ್ ಅದರ ಹಿಂದೆ. ಅದರ ತಿರುಗುವ ಭಾಗ, ರೋಟರ್, ಚೂಪಾಗುತ್ತಾ ಹೋಗುವ ಟೇಪರ್ ಮೇಲೆ ಬಿಗಿದಿರುತ್ತದೆ, ಸುತ್ತಿಗೆ ತೋರಿಸಬೇಡಿ. ಮಧ್ಯದ ಅಲೆನ್ ಬೋಲ್ಟ್ ತೆಗೆದು, ತೂತಿನೊಳಗೆ ಒಂದು ಕಡ್ಡಿ ಇಟ್ಟು, ಅದೇ ಬೋಲ್ಟನ್ನು ಮತ್ತೆ ಬಿಗಿ ಮಾಡಿದರೆ ಟಪ್ ಅಂತ ಬಿಟ್ಟುಕೊಳ್ಳುತ್ತದೆ. ನಾನು ಕೈಗೆ ಸಿಕ್ಕ ಮೆತ್ತನೆಯ ಕಬ್ಬಿಣದ ಕಡ್ಡಿ ಇಟ್ಟೆ. ಅದು ಒಳಗೇ ಚಪ್ಪಟೆಯಾಗಿ ಅಗಲವಾಗಿ ಕಚ್ಚಿಕೊಂಡಿತು. ಅದನ್ನು ಕೊರೆದು ತೆಗೆಯಲು ಒಂದು ಸಂಜೆ ಪೂರ್ತಿ ಬೇಕಾಯಿತು. ಆಮೇಲೆ ಹಳೆಯ ಡ್ರಿಲ್ ಬಿಟ್ಟಿನ ಹಿಂಭಾಗ ಕತ್ತರಿಸಿ ಹಾಕಿದೆ, ಬೋಲ್ಟನ್ನು ಎರಡೇ ಸುತ್ತು ತಿರುಗಿಸಿದ್ದಕ್ಕೆ ರೋಟರ್ ಕೈಗೆ ಬಂತು. ಮುಂದಿನ ಸೀಲ್ ನೋಡಿದರೆ ಒಂದು ಹನಿ ಆಯಿಲ್ ಇಲ್ಲದೆ ಒಣಗಿಯೇ ಇತ್ತು, ಬದಲಿಸುವ ಅಗತ್ಯವೇ ಇರಲಿಲ್ಲ.

ಹಿಂದಿನ ಸೀಲಿನ ಬಗ್ಗೆ ಒಂದು ಮಾತು. ಹಳೆಯ ಸೀಲಿನ ತುಟಿ ಕ್ರ್ಯಾಂಕಿನ ಮೇಲೆ ಸಣ್ಣ ಗೆರೆ ಕೊರೆದಿರುತ್ತದೆ. ಹೊಸದನ್ನು ಅದೇ ಆಳಕ್ಕೆ ಕೂರಿಸಿದರೆ ತುಟಿ ಅದೇ ಗೆರೆಯಲ್ಲಿ ಓಡುತ್ತದೆ. ನಾನು ಒಂದು ಮಿಲಿಮೀಟರ್‌ನಷ್ಟು ಹೊರಗೆ ನಿಲ್ಲಿಸಿದೆ. ಸೊಟ್ಟ ಆಗದ ಹಾಗೆ ಸೀಲನ್ನು ಒತ್ತಲು ಒಂದು ಸಲಕರಣೆ ಮಾಡಿಕೊಂಡಿದ್ದೇನೆ. ಅದಕ್ಕೆ ಏನೂ ಖರ್ಚಿಲ್ಲ, ಎಲ್ಲರ ಮನೆಯಲ್ಲೂ ಇರುವ ವಸ್ತು. ಏನು ಅಂತ ಮಾತ್ರ ಹೇಳುವುದಿಲ್ಲ, ಅದು ಎಷ್ಟೋ ರಾತ್ರಿ ಕೂತು ಹುಡುಕಿದ್ದು.

ಎಲ್ಲ ಜೋಡಿಸಿದೆ. ಇದ್ದಬದ್ದ ಕೆಲಸ ಒಟ್ಟಿಗೇ ಮುಗಿಸೋಣ ಅಂತ ಪಾಯಿಂಟ್ಸ್ (ಸ್ಪಾರ್ಕಿಗೆ ಕರೆಂಟ್ ಕಡಿಯುವ ಸ್ವಿಚ್ಚುಗಳು) ಎರಡನ್ನೂ ಹೊಸದು ಹಾಕಿ ಟೈಮಿಂಗ್ ಇಟ್ಟೆ. ಗಾಡಿ ಸ್ಟಾರ್ಟ್ ಆಗಲಿಲ್ಲ. ಕಾರ್ಬುರೇಟರಿನಿಂದ ಢಬ್ ಅಂತ ಹೊಡೆಯುತ್ತಿತ್ತು. ಎರಡು ದಿನ ಹುಡುಕಿದೆ. ಕಂಡೆನ್ಸರ್ ಎರಡು ಹೊಸದು ತಂದೆ, ದಂಡ. ಕೊನೆಗೆ ಪ್ಲಗ್ ತೂತಿನಲ್ಲಿ ಪ್ಲಾಸ್ಟಿಕ್ ಕಡ್ಡಿ ಬಿಟ್ಟು ಪಿಸ್ಟನ್ ಪೂರ್ತಿ ಮೇಲೆ ಬರುವ ಜಾಗ ಹಿಡಿದೆ. ಬೆಲ್ ಹೌಸಿಂಗ್ ಕಿಂಡಿಯಲ್ಲಿ ನೋಡಿದರೆ ಕ್ರ್ಯಾಂಕಿನ ಹಿಂತುದಿಗೆ ಬೋಲ್ಟ್ ಆಗಿರುವ ಭಾರದ ಚಕ್ರ, ಫ್ಲೈವೀಲ್, ಅದರ ಗುರುತು ಕಾಣಲೇ ಇಲ್ಲ. ಟೈಮಿಂಗ್ ಇಡಲು ಅಲ್ಲಿ ಡಿ, ಎಸ್ ಅಂತ ಎರಡು ಗುರುತು ಇರುತ್ತವೆ. ಇಟಾಲಿಯನ್ನಿನಲ್ಲಿ ದೆಸ್ತ್ರೊ ಅಂದರೆ ಬಲ, ಸಿನಿಸ್ತ್ರೊ ಅಂದರೆ ಎಡ. ಫ್ಲೈವೀಲ್ ಆರು ಬೋಲ್ಟಿನದು, ಅದನ್ನು ನಾನು ಒಂದು ತೂತು ಆಚೆ ಕೂರಿಸಿಬಿಟ್ಟಿದ್ದೆ. ಅರವತ್ತು ಡಿಗ್ರಿ ತಪ್ಪು. ಬಿಚ್ಚುವ ಮೊದಲು ಕ್ರ್ಯಾಂಕಿಗೂ ಫ್ಲೈವೀಲಿಗೂ ಸೇರಿಸಿ ಒಂದು ಪಂಚ್ ಗುರುತು ಹೊಡೆದಿದ್ದರೆ ಸಾಕಿತ್ತು. ಕೂಡಲೇ ಮೂರನೇ ಸಲ ಫ್ರೇಮ್ ಎತ್ತಿದೆ.

ಈಗ ಗಾಡಿ ಚೆನ್ನಾಗಿ ಓಡಿತು. ಕ್ಲಚ್ ಗಟ್ಟಿ. ಆದರೆ 800 ಕಿಲೋಮೀಟರ್ ಆಸುಪಾಸಿನಲ್ಲಿ ಬೆಲ್ ಹೌಸಿಂಗ್ ಕೆಳಗೆ ಮತ್ತೆ ಹನಿ! ಆಗ ನಿಜವಾಗಿ ಕುಸಿದುಹೋದೆ. ಒಬ್ಬ ಅನುಭವಿ ಮೆಕ್ಯಾನಿಕ್ ಬಂದು ನೋಡಿ, "ಕೇಸ್ ಬಿರುಕು ಬಿಟ್ಟಿದೆ ಸರ್, ಬೇರೆ ಎಂಜಿನ್ ಹುಡುಕಿ" ಅಂದರು. ನನಗೆ ಒಪ್ಪಿಗೆ ಆಗಲಿಲ್ಲ. ಹನಿ ಬೀಳುತ್ತಿದ್ದಂತೆ ಓಡಿಸುವುದನ್ನು ನಿಲ್ಲಿಸಿದ್ದೆ, ಹಾಗಾಗಿ ಹೊಸ ಪ್ಲೇಟಿಗೆ ಆಯಿಲ್ ತಗುಲಿರಲಿಲ್ಲ. ಅದೊಂದು ದೊಡ್ಡ ಉಳಿತಾಯ.

ನಾಲ್ಕನೇ ಸಲ ಬಿಚ್ಚಿದಾಗ ಫ್ಲೈವೀಲ್ ತೆಗೆದು, ಎಲ್ಲ ಕಡೆ ಥಿನ್ನರಿನಲ್ಲಿ ಒರೆಸಿ ಒಣಗಿಸಿದೆ. ಆಮೇಲೆ ಎಂಜಿನ್ನಿನೊಳಗಿನ ಗಾಳಿ ಹೊರಹೋಗುವ ಬ್ರೀದರ್ ಪೈಪಿಗೆ ಇನ್ನೊಂದು ಟ್ಯೂಬ್ ಸಿಕ್ಕಿಸಿ, ಬಾಯಿಂದ ಮೆಲ್ಲಗೆ ಊದಿದೆ. ಕಂಪ್ರೆಸರ್ ಬೇಡವೇ ಬೇಡ, ಸೀಲ್ ಹಾರಿ ಹೊರಗೆ ಬರುತ್ತದೆ. ಊದುತ್ತಾ ಬ್ರಶ್ಶಿನಲ್ಲಿ ಸೋಪಿನ ನೀರು ಹಚ್ಚಿದೆ. ಸೀಲಿನ ಸುತ್ತ ಏನೂ ಇಲ್ಲ. ಕೇಸಿನ ಮೇಲೂ ಇಲ್ಲ. ಹಿಂದಿನ ಮೇನ್ ಬೇರಿಂಗ್ ಫ್ಲ್ಯಾಂಜಿನ (ಕ್ರ್ಯಾಂಕಿನ ಹಿಂತುದಿಯನ್ನು ಹಿಡಿದಿರುವ ತಟ್ಟೆ) ಬೋಲ್ಟುಗಳಲ್ಲಿ ತೀರಾ ಕೆಳಗಿನ ಎರಡರ ತಲೆಯ ಪಕ್ಕ ಸಣ್ಣ ಸಣ್ಣ ಗುಳ್ಳೆ ಏಳುತ್ತಿದ್ದವು!

ಆ ಎರಡು ಬೋಲ್ಟುಗಳ ತೂತು ಕ್ರ್ಯಾಂಕ್ ಕೇಸಿನ ಒಳಕ್ಕೇ ತೆರೆದಿರುತ್ತದೆ. ಥ್ರೆಡ್ಡಿಗೆ ಸೀಲಂಟ್ ಇಲ್ಲದಿದ್ದರೆ ಆಯಿಲ್ ಥ್ರೆಡ್ ಹಿಡಿದೇ ಹೊರಗೆ ಬರುತ್ತದೆ. ನನಗಿಂತ ಮೊದಲು ಯಾರೋ ಬಿಚ್ಚಿದವರು ಅದನ್ನು ಒಣಗಿದ ಹಾಗೇ ಹಾಕಿದ್ದರು. ನಾನು ಸೀಲ್ ಬದಲಿಸುವಾಗ ಫ್ಲ್ಯಾಂಜ್ ಬಿಚ್ಚಿರಲಿಲ್ಲ, ಹಾಗಾಗಿ ಕಣ್ಣಿಗೆ ಬಿದ್ದಿರಲಿಲ್ಲ. ಒಂದೊಂದಾಗಿ ತೆಗೆದು, ಥ್ರೆಡ್ ತೊಳೆದು, ಸೀಲಂಟ್ ಹಚ್ಚಿ ಬಿಗಿ ಮಾಡಿ, ಒಂದು ರಾತ್ರಿ ಬಿಟ್ಟೆ. ಬೆಳಗ್ಗೆ ಮತ್ತೆ ಊದಿದೆ. ಒಂದು ಗುಳ್ಳೆಯೂ ಇಲ್ಲ.

ಆಗಲೇ ಬ್ರೀದರ್ ಪೈಪನ್ನೂ ಹಿಚುಕಿ ನೋಡಿದೆ. ಕಲ್ಲಿನ ಹಾಗಾಗಿತ್ತು, ಒಂದು ಕಡೆ ಒಳಗೆ ಕುಸಿದಿತ್ತು. ಅದು ಕಟ್ಟಿಕೊಂಡರೆ ಕೇಸಿನೊಳಗೆ ಒತ್ತಡ ಏರಿ ಎಷ್ಟು ಒಳ್ಳೆಯ ಸೀಲಾದರೂ ಒಸರುತ್ತದೆ. ಹೊಸ ಪೈಪು ಹಾಕಿದೆ. ಇಡೀ ಕೆಲಸದಲ್ಲಿ ತೀರಾ ಅಗ್ಗದ ಸಾಮಾನು ಅದೇ.

ಕ್ಲಚ್ ಜೋಡಿಸುವಾಗ ಪ್ರೆಷರ್ ಪ್ಲೇಟಿನ ಚುಕ್ಕೆಯನ್ನು ಫ್ಲೈವೀಲ್ ಗುರುತಿಗೆ ಎದುರು ಹಿಡಿಯಿರಿ. ಪ್ಲೇಟುಗಳನ್ನು ನಡುವಿಗೆ ತರಲು ಗೇರ್‌ಬಾಕ್ಸಿನ ಹಳೆಯ ಇನ್‌ಪುಟ್ ಹಬ್ಬನ್ನೇ (ಪ್ಲೇಟುಗಳ ನಡುವೆ ಕೂರುವ ಹಲ್ಲಿನ ತುಂಡು) ಬಳಸಿದೆ. ಸ್ಪ್ರಿಂಗ್ ಒತ್ತಲು ರಿಂಗ್ ಗೇರಿನ ತೂತುಗಳಿಗೆ ಮೂರು ಉದ್ದ ಬೋಲ್ಟು ಹಾಕಿ, ಒಂದೊಂದನ್ನೂ ಅರ್ಧರ್ಧ ಸುತ್ತು ಸಮವಾಗಿ ಬಿಗಿದೆ. ಹಬ್ಬಿನ ನಟ್ಟಿಗೆ ನಾಲ್ಕು ಹಲ್ಲಿನ ವಿಶೇಷ ಸ್ಪ್ಯಾನರ್ ಬೇಕು. ಅದನ್ನು ದಪ್ಪ ಗೋಡೆಯ ಪೈಪಿನ ತುದಿಯಲ್ಲಿ ಅರದಿಂದ ಉಜ್ಜಿ ಮಾಡಿದೆ. ಎರಡು ಗಂಟೆಯ ಕೆಲಸ, ಅಂಗಡಿಯದಕ್ಕಿಂತ ಗಟ್ಟಿ.

ದುಡ್ಡಿನ ಲೆಕ್ಕ ಅಂದಾಜಿನಲ್ಲೇ ಹೇಳುತ್ತೇನೆ. ಗ್ಯಾರೇಜಿನವರು ಕೇಳಿದ್ದನ್ನು 100 ಅಂದುಕೊಂಡರೆ ನನಗೆ ಬಿದ್ದದ್ದು 35ರ ಹತ್ತಿರ. ಅದರಲ್ಲಿ ಪ್ಲೇಟುಗಳೇ ಅರ್ಧಕ್ಕಿಂತ ಜಾಸ್ತಿ. ಏಳೆಂಟು ಭಾಗ ದಂಡವಾಗಿ ಹೋಯಿತು: ಕಂಡೆನ್ಸರ್, ಬೇಡದ ಮುಂದಿನ ಸೀಲ್, ಮುರಿದ ಡ್ರಿಲ್ ಬಿಟ್‌ಗಳು. ಆ ಎರಡು ಬೋಲ್ಟು ಮೊದಲೇ ಗೊತ್ತಿದ್ದರೆ ನಾಲ್ಕನೇ ಸಲದ ಶ್ರಮ ಉಳಿಯುತ್ತಿತ್ತು.

ಬೇರೆ ಎಂಜಿನ್ ಹುಡುಕಿ ಅಂದಿದ್ದ ಆ ಮೆಕ್ಯಾನಿಕ್ ಕಳೆದ ತಿಂಗಳು ಮತ್ತೆ ಬಂದಿದ್ದರು. ಟಾರ್ಚ್ ಹಿಡಿದು ಕೆಳಗೆ ಮಲಗಿ, ಬೆಲ್ ಹೌಸಿಂಗ್ ತಳಕ್ಕೆ ಬೆರಳು ಸವರಿ, ಬೆರಳನ್ನು ಬೆಳಕಿಗೆ ಹಿಡಿದು ನೋಡಿದರು. ಎದ್ದು ನಿಂತವರು ಆ ನಾಲ್ಕು ಹಲ್ಲಿನ ಪೈಪಿನ ಅಳತೆ ಕೇಳಿದರು. ಪೈಪನ್ನೇ ಕೈಗೆ ಕೊಟ್ಟು, ಕೂತು ಬರೆದುಕೊಳ್ಳಿ ಅಂದೆ.