ಮೌಸ್ ಯಾರ ಕೈಯಾಗ ಅದ?

ಯಾದಗಿರಿ ಕಡೆಯ ಹಳ್ಳಿ ಪ್ರೌಢಶಾಲೆಗಳ ಲ್ಯಾಬಿಗೆ ಕಂಪ್ಯೂಟರ್ ಕಲಿಸಲು ಹೋದ ಕೂಡಲೇ ನಾನು ನೋಡುವುದು ಮೌಸ್ ಯಾರ ಕೈಯಲ್ಲಿದೆ ಅಂತ. ಒಂದು ಕಂಪ್ಯೂಟರಿಗೆ ಮೂರು ಮಂದಿ ಕೂತರೆ ಮೌಸ್ ಹುಡುಗನ ಪಾಲಾಗುತ್ತದೆ, ಹುಡುಗಿ ಪಕ್ಕದಲ್ಲಿ ಬರೆದುಕೊಳ್ಳುತ್ತಾಳೆ. ವರ್ಷದ ಕೊನೆಗೆ ಅವಳ ನೋಟ್ಸ್ ಚಂದ ಇರುತ್ತದೆ, ಕೈ ಮಾತ್ರ ಪಳಗಿರುವುದಿಲ್ಲ.

ಅದಕ್ಕೇ ಎಂಟನೇ ತರಗತಿಯಲ್ಲಿ ದಸರೆ ರಜೆಯ ತನಕ ಹುಡುಗಿಯರದೇ ಬೇರೆ ಬ್ಯಾಚ್ ಮಾಡುತ್ತೇನೆ. ಯಂತ್ರಕ್ಕೆ ಇಬ್ಬರು. 10 ನಿಮಿಷಕ್ಕೊಮ್ಮೆ ಸೀಟಿ ಊದಿದರೆ ಮೌಸ್ ಕೈ ಬದಲಾಗಬೇಕು. ಮೌಸ್ ಇಲ್ಲದವಳು ಬಾಯಲ್ಲಿ ಹೇಳಬಹುದು, ಮುಟ್ಟುವಂತಿಲ್ಲ. ಚುರುಕಿನವಳು ಗೆಳತಿಯ ಕೈ ಸರಿಸಿ ತಾನೇ ಮಾಡಿಬಿಡುತ್ತಾಳೆ, ಅಲ್ಲಿ ಸ್ವಲ್ಪ ಗದರಲೇಬೇಕು. ಆಮೇಲೆ ಬ್ಯಾಚ್ ಕೂಡಿಸಿದರೂ ಈ ನಿಯಮ ಬಿಡುವುದಿಲ್ಲ.

ತರಗತಿ ಶಾಲಾ ಸಮಯದೊಳಗೇ ಇರಬೇಕು. 2023ರಿಂದ ಶಕ್ತಿ ಯೋಜನೆಯಲ್ಲಿ ಟಿಕೆಟ್ ಉಚಿತ, ಆದರೆ ತಾಂಡಾಕ್ಕೆ ಹೋಗುವ ಬಸ್ಸು ನಮಗಾಗಿ ಕಾಯುವುದಿಲ್ಲ. ಹತ್ತಿ ಬಿಡಿಸುವ ದಿನಗಳಲ್ಲಿ ಹಾಜರಿ ಬೀಳುತ್ತದೆ, ಆಗ ಹಿಂದಿನ ವಾರದ್ದು ಗೊತ್ತಿದ್ದರೆ ಮಾತ್ರ ಅರ್ಥವಾಗುವ ಪಾಠ ಇಟ್ಟುಕೊಂಡರೆ ಬಂದವರೂ ಕೈಬಿಟ್ಟು ಹೋಗುತ್ತಾರೆ.

ಮೊದಲ ಪ್ರೋಗ್ರಾಂ ಸ್ಕ್ರ್ಯಾಚ್‌ನಲ್ಲಿ ರಂಗೋಲಿ. ಸ್ಕ್ರ್ಯಾಚ್ ಅಂದರೆ ಆದೇಶದ ಬ್ಲಾಕುಗಳನ್ನು ಜೋಡಿಸಿ ಪರದೆಯ ಮೇಲಿನ ಬೆಕ್ಕನ್ನು ನಡೆಸುವ ತಂತ್ರಾಂಶ. ಇಂಟರ್ನೆಟ್ ಬೇಡ, ಪೆನ್‌ಡ್ರೈವಿನಿಂದ ಹಾಕಿಕೊಳ್ಳಬಹುದು. ಸ್ಕ್ರ್ಯಾಚ್ 3ಕ್ಕೆ ವಿಂಡೋಸ್ 10 ಬೇಕು. ಕೆಳಗೆ ಎಡಮೂಲೆಯ ಬಟನ್ ಒತ್ತಿ, ಗೆರೆ ಎಳೆಯುವ ‘ಪೆನ್’ ಬ್ಲಾಕುಗಳನ್ನು ಸೇರಿಸಿ, ಪೆನ್ ಕೆಳಗಿಳಿಸಿ. 80 ಹೆಜ್ಜೆ ನಡೆ, 60 ಡಿಗ್ರಿ ತಿರುಗು, ಇದು 6 ಸಲ, ಷಟ್ಕೋನ ಬಂತು. ಅದಷ್ಟನ್ನೂ ಇನ್ನೊಂದು ಆವರ್ತನೆಯೊಳಗೆ ಇಟ್ಟು, ಪ್ರತಿ ಸಲ 30 ಡಿಗ್ರಿ ತಿರುಗಿಸಿ 12 ಸಲ ಓಡಿಸಿದರೆ ಹೂವು ಅರಳುತ್ತದೆ. ಹೆಚ್ಚಿನವರು 60ರ ಬದಲು 120 ಹಾಕುತ್ತಾರೆ, ಗಣಿತದಲ್ಲಿ ಷಟ್ಕೋನದ ಒಳಕೋನ 120 ಅಂತ ಓದಿರುತ್ತಾರಲ್ಲ. ಆಗ ತ್ರಿಕೋನ ಬೀಳುತ್ತದೆ, ಅದೂ ಎರಡು ಸುತ್ತು. ಉತ್ತರ ಹೇಳಬೇಡಿ. ನೆಲದ ಮೇಲೆ ಸೀಮೆಸುಣ್ಣದಿಂದ ಷಟ್ಕೋನ ಬರೆದು ಅದರ ಮೇಲೆ ನಡೆಸಿ. ಮೂಲೆಯಲ್ಲಿ ಮೈ ತಿರುಗುವುದು ಹೊರಕೋನದಷ್ಟು ಅಂತ ತಾವೇ ಕಂಡುಕೊಳ್ಳುತ್ತಾರೆ. ಇನ್ನೊಂದು ತೊಡಕು ಅಳತೆಯದು. ಬೆಕ್ಕು ಓಡಾಡುವ ವೇದಿಕೆ 480 × 360 ಹೆಜ್ಜೆ, ಮಧ್ಯದಿಂದ ಮೇಲಕ್ಕೆ 180 ಮಾತ್ರ. ಬಾಹು 80 ಇದ್ದರೆ ಹೂವಿನ ತುದಿ 160ರಲ್ಲಿ ನಿಲ್ಲುತ್ತದೆ. 100 ಹಾಕಿದರೆ ಎಸಳಿನ ತುದಿ ವೇದಿಕೆಯ ಹೊರಗೆ ಹೋಗುತ್ತದೆ. ‘ಎಲ್ಲ ಅಳಿಸು’ ಮೊದಲಿಗೆ ಇಡದಿದ್ದರೆ ಹಳೆಯ ಗೆರೆ ಮೇಲೆ ಹೊಸ ಗೆರೆ. ಅಂದಹಾಗೆ, ರಂಗೋಲಿ ಹುಡುಗಿಯರಿಗಷ್ಟೇ ಅಂತ ಮೀಸಲಿಡಬೇಡ್ರಿ. ಹುಡುಗರಿಗೂ ಇದೇ ಪಾಠ.

ಕರೆಂಟ್ ಹೋದರೆ ಐದು ರಟ್ಟಿನ ಕಾರ್ಡು: 16, 8, 4, 2, 1 ಚುಕ್ಕಿ, ಹಿಂಬದಿ ಖಾಲಿ. ಐವರು ಹಿಡಿದು ನಿಂತರೆ 0ಯಿಂದ 31ರವರೆಗೆ ಯಾವ ಸಂಖ್ಯೆಯನ್ನೂ ದ್ವಿಮಾನದಲ್ಲಿ, ಅಂದರೆ 0, 1 ಎರಡೇ ಅಂಕಿಯಲ್ಲಿ, ತೋರಿಸಬಹುದು: ಚುಕ್ಕಿ ಕಂಡರೆ 1, ಖಾಲಿ ಬದಿ ಕಂಡರೆ 0. 19 ಅಂದರೆ 16, 2, 1ರ ಚುಕ್ಕಿ ಕಾಣಬೇಕು, ಉಳಿದೆರಡರ ಖಾಲಿ ಬದಿ. 16 ನೋಡುವವರ ಎಡಕ್ಕಿರಲಿ. ನಿಂತವರ ಎಡ ಹಿಡಿದರೆ ಸಂಖ್ಯೆ ತಿರುಗುಮುರುಗು.

ಇಷ್ಟಾದರೂ ಹುಡುಗಿ ಕೈಬಿಡುವ ಜಾಗ ಪಿಯುಸಿ. ಅಂಕ ಚೆನ್ನಾಗಿದ್ದರೆ ಪಿಸಿಎಂಬಿ (ಭೌತ, ರಸಾಯನ, ಗಣಿತ, ಜೀವಶಾಸ್ತ್ರ), ಇಲ್ಲದಿದ್ದರೆ ಆರ್ಟ್ಸ್, ಅದೂ ಊರಿನ ಕಾಲೇಜಿನಲ್ಲೇ. ಹಾಗಾಗಿ ಹತ್ತನೇ ತರಗತಿಯ ಜನವರಿಯಲ್ಲೇ ತಾಯಿ–ತಂದೆ ಇಬ್ಬರನ್ನೂ ಕರೆಸುತ್ತೇನೆ. ಮಗಳ ಪ್ರೋಗ್ರಾಂ ಅವಳೇ ಓಡಿಸಿ ತೋರಿಸಲಿ, ಮಾತು ಆಮೇಲೆ. ‘ನಮ್ಮೂರ ಕಾಲೇಜಿನಾಗ ಕಂಪ್ಯೂಟರ್ ಇಲ್ರಿ’ ಅಂದರೆ ದಾರಿ ಮುಚ್ಚಿಲ್ಲ: ಕಂಪ್ಯೂಟರ್ ಸೈನ್ಸ್ ಬಿಇಗೆ ಪಿಯುಸಿಯಲ್ಲಿ ಕಂಪ್ಯೂಟರ್ ಕಡ್ಡಾಯವಲ್ಲ, ಭೌತಶಾಸ್ತ್ರ, ಗಣಿತದ ಜೊತೆ ರಸಾಯನಶಾಸ್ತ್ರ ಇದ್ದರೂ ನಡೆಯುತ್ತದೆ. ಅಥವಾ ಎಸ್ಸೆಸ್ಸೆಲ್ಸಿ ಮುಗಿಸಿ ಮೂರು ವರ್ಷದ ಡಿಪ್ಲೊಮಾ, ನಂತರ ಡಿಪ್ಲೊಮಾದವರ ಪ್ರವೇಶ ಪರೀಕ್ಷೆ ಡಿಸಿಇಟಿ ಬರೆದು ನೇರ ಬಿಇ ಎರಡನೇ ವರ್ಷಕ್ಕೆ. ಸಂವಿಧಾನದ 371(ಜೆ) ವಿಧಿಯಡಿ ನಮ್ಮ ಕಲ್ಯಾಣ ಕರ್ನಾಟಕ ಭಾಗದ ಕಾಲೇಜುಗಳಲ್ಲಿ 70%, ಹೊರಗೆ 8% ಸೀಟು ಇಲ್ಲಿನವರಿಗೇ ಮೀಸಲು. ಅದಕ್ಕೆ ಸಹಾಯಕ ಆಯುಕ್ತರ ಅರ್ಹತಾ ಪ್ರಮಾಣಪತ್ರ ಬೇಕು. ಫಲಿತಾಂಶ ಬಂದ ಮೇಲೆ ಎಲ್ಲರೂ ಒಮ್ಮೆಲೇ ಓಡುತ್ತಾರೆ. ಅರ್ಜಿಯ ಕಾಗದಪತ್ರ ಆ ಸಭೆಯ ದಿನವೇ ತರಿಸಿ ನೋಡಿ, ಹೆಸರಿನ ಕಾಗುಣಿತ ಆಧಾರ್‌ನಲ್ಲೊಂದು, ಶಾಲೆಯ ದಾಖಲೆಯಲ್ಲೊಂದು ಇದ್ದರೆ ತಿದ್ದಿಸಲು ಸಮಯ ಹಿಡಿಯುತ್ತದೆ.